ಸಾಮಾನ್ಯ ಮುಸ್ಲಿಮರು ಕುರ್‌ಆನ್ ಮತ್ತು ಹದೀಸ್‌ಗಳನ್ನು (ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿಗಳನ್ನು) ಪ್ರಶ್ನಿಸಬಹುದೇ?

ಅರಿಯಲೆಂದು ಖಂಡಿತ ಕೇಳಬಹುದು. ತಾನೇ ಧಾರ್ಮಿಕ ತೀರ್ಪು ಕೊಡಲು ಮಾತ್ರ ವಿದ್ವತ್ತು ಬೇಕೆಂಬುದು ಸಂಪ್ರದಾಯದ ನಿಲುವು. ಸತ್ತವರಿಗೆ ಹೇಗೆ ಜೀವ ಕೊಡುವೆಯೆಂದು ತೋರಿಸು ಎಂದು ಪ್ರವಾದಿ ಇಬ್ರಾಹೀಮರು ದೇವರನ್ನೇ ಕೇಳಿದ್ದನ್ನು ಕುರ್‌ಆನ್ (2:260) ದಾಖಲಿಸಿದೆ; ನಂಬಿಕೆಯಿಲ್ಲವೇ ಎಂದು ದೇವರು ಕೇಳಿದಾಗ, ಇದೆ, ಮನಸ್ಸಿನ ಸಮಾಧಾನಕ್ಕೆ ಕೇಳಿದೆ ಎಂದರು. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿರುವ ಬರೀರಾ ಎಂಬ ಮಹಿಳೆಯ ಪ್ರಸಂಗವಂತೂ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು. ದಾಸ್ಯದಿಂದ ಬಿಡುಗಡೆಯಾಗಿ ಗಂಡನನ್ನು ತೊರೆದ ಆಕೆಯ ಹಿಂದೆ ಆ ಗಂಡ ಮುಗೀಸ್ ಗಡ್ಡ ತೊಯ್ಯುವಂತೆ ಅಳುತ್ತ ಅಲೆಯುತ್ತಿದ್ದುದನ್ನು ಕಂಡು, ಅವರ ಬಳಿಗೆ ಮರಳಬಾರದೇ ಎಂದು ಪ್ರವಾದಿಯವರು ಹೇಳಿದಾಗ, ಇದು ಆಜ್ಞೆಯೇ ಎಂದು ಆಕೆ ವಿಚಾರಿಸಿದರು. ಅಲ್ಲ, ಶಿಫಾರಸು ಮಾತ್ರ ಎಂದು ತಿಳಿದ ಮೇಲೆ ಒಪ್ಪಲಿಲ್ಲ. ಕುರ್‌ಆನ್ ದೇವವಾಣಿಯೆಂಬುದು ನಂಬಿಕೆಯ ಬುನಾದಿಯಾದ್ದರಿಂದ ಅಲ್ಲಿ ಚರ್ಚೆ ಅರ್ಥದ ಕುರಿತಾಗಿರುತ್ತದೆ. ಹದೀಸ್‌ಗಳಲ್ಲಾದರೋ ನಿರೂಪಕರ ಸರಪಳಿಯನ್ನೇ ಒರೆಗೆ ಹಚ್ಚಿ ಸಹೀಹ್ (ಅಧಿಕೃತ), ಹಸನ್ (ಉತ್ತಮ), ದಯೀಫ್ (ದುರ್ಬಲ) ಎಂದು ವಿಂಗಡಿಸುವ ಶಾಸ್ತ್ರವೇ ಬೆಳೆದಿದೆ.