ಸಮುದ್ರದ ತಳದಲ್ಲಿ ಬಿಲ ತೋಡುವ ಪ್ರಾಣಿಗಳಿಂದ ಅಲ್ಲಿನ ಮಣ್ಣು ಸಡಿಲವಾಗುತ್ತದಾ, ಗಟ್ಟಿಯಾಗುತ್ತದಾ?

ಎರಡೂ ಆಗುತ್ತದೆ. ಯಾವ ಪ್ರಾಣಿ, ಇರುವುದು ಮರಳಲ್ಲೋ ಕೆಸರಲ್ಲೋ, ಅದನ್ನು ನೋಡಬೇಕು. ನಾನು ಸಿವಿಲ್ ಎಂಜಿನಿಯರ್. ಅಡಿಪಾಯಕ್ಕೆ ಮುಂಚೆ ಮಣ್ಣು ಪರೀಕ್ಷೆ ಮಾಡುವ ಕೆಲಸ. ಕಣದ ಗಾತ್ರ, ನೀರಿನ ಅಂಶ, ಎಷ್ಟು ಬಲಕ್ಕೆ ಮಣ್ಣು ಜಾರುತ್ತದೆ, ಇದನ್ನೆಲ್ಲ ಅಳೆಯುತ್ತೇವೆ. ಇದನ್ನು ಹುಳಗಳೂ ಬದಲಿಸುತ್ತವೆ ಅಂತ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬಜರ್ಡ್ಸ್ ಬೇ ಅಂತ ಒಂದು ಕೊಲ್ಲಿ ಇದೆ. ಅಲ್ಲಿನ ಕೆಸರಿನ ಬಗ್ಗೆ ಡೊನಾಲ್ಡ್ ರೋಡ್ಸ್ ಮತ್ತು ಡೇವಿಡ್ ಯಂಗ್ ಎಂಬ ವಿಜ್ಞಾನಿಗಳು 1970ರಲ್ಲಿ ಬರೆದರು. ಸಣ್ಣ ಚಿಪ್ಪಿನ ಪ್ರಾಣಿಗಳು, ಹುಳಗಳು ಕೆಸರನ್ನೇ ತಿಂದು ಉಂಡೆ ಉಂಡೆಯಾಗಿ ಹಿಕ್ಕೆ ಹಾಕುತ್ತವೆ. ಮೇಲ್ಪದರ ನೀರು ತುಂಬಿಕೊಂಡು ಗಂಜಿಯ ಹಾಗಾಗುತ್ತದೆ. ಸ್ವಲ್ಪ ಸೆಳೆತಕ್ಕೂ ಕದಡಿ ಮೇಲೇಳುತ್ತದೆ. ನೀರು ಸೋಸಿ ತಿನ್ನುವ ಪ್ರಾಣಿಗಳಿಗೆ ಅಲ್ಲಿ ಬದುಕುವುದೇ ಕಷ್ಟ. ಸೋಸುವ ಅಂಗವೇ ಕಟ್ಟಿಕೊಳ್ಳುತ್ತದೆ, ಮರಿಗಳು ಹೂತುಹೋಗುತ್ತವೆ.

ನನಗೆ ಜಾಸ್ತಿ ಇಷ್ಟವಾದದ್ದು ಜರ್ಮನಿಯ ಸಿಲ್ಟ್ ದ್ವೀಪದ ಪ್ರಯೋಗ. ಇಳಿತದಲ್ಲಿ ತೆರೆದುಕೊಳ್ಳುವ ಅಲ್ಲಿನ ಮರಳಿನಲ್ಲಿ ಲಗ್‌ವರ್ಮ್ ಎಂಬ ಹುಳ 20-30 ಸೆಂಟಿಮೀಟರ್ ಆಳದಲ್ಲಿ ಕೂತು ಮರಳು ನುಂಗುತ್ತದೆ. ಹಿಕ್ಕೆಯನ್ನು ಮೇಲೆ ತಂದು ಚಕ್ಕುಲಿ ಸುತ್ತಿದ ಹಾಗೆ ಹಾಕುತ್ತದೆ. ಬಾಲದ ಕಡೆಯಿಂದ ನೀರು ಎಳೆದು ತಲೆಯ ಮುಂದಿನ ಮರಳಿಗೆ ಪಂಪ್ ಮಾಡುತ್ತದೆ. 2002ರಲ್ಲಿ ವಿಜ್ಞಾನಿಗಳು 400 ಚದರ ಮೀಟರಿನ ತುಂಡು ಜಾಗಗಳಲ್ಲಿ 10 ಸೆಂಟಿಮೀಟರ್ ಕೆಳಗೆ 1 ಮಿಲಿಮೀಟರ್ ಕಣ್ಣಿನ ಬಲೆ ಹೂತರು. ಹುಳಕ್ಕೆ ಬಿಲ ಮಾಡಲಾಗದೆ ಜಾಗ ಖಾಲಿಯಾಯಿತು. ಆಮೇಲೆ ಅಲ್ಲಿ ನುಣ್ಣನೆಯ ಕೆಸರು ಸೇರಿ ಮರಳಿನ ಸಂದುಗಳನ್ನು ಮುಚ್ಚಿತು, ಒಳಗೆ ನೀರು ಹರಿಯುವುದು ಕಡಿಮೆಯಾಯಿತು. ಮರಳು ಮರಳಾಗಿ ಉಳಿದಿದ್ದೇ ಹುಳದಿಂದ! ಹುಳ ಒಳ್ಳೆಯ ಮರಳು ಹುಡುಕಿಕೊಂಡು ಬಂದಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ?

ಗಟ್ಟಿ ಮಾಡುವವೂ ಇವೆ. ಕೆಲವು ಹುಳಗಳು ಅಂಟು ಸುರಿಸಿ ಬಿಲದ ಗೋಡೆ ಮೆತ್ತುತ್ತವೆ, ಮರಳಿನ ಕಣ ಅಂಟಿಸಿ ಕೊಳವೆ ಕಟ್ಟುತ್ತವೆ. ಕೊಳವೆಗಳು ಒತ್ತೊತ್ತಾಗಿದ್ದರೆ ನೀರಿನ ವೇಗ ತಳದ ಹತ್ತಿರ ತಗ್ಗಿ ಮಣ್ಣು ನಿಲ್ಲುತ್ತದೆ. ಒಂದೊಂದೇ ಇದ್ದರೆ ಉಲ್ಟಾ, ಸುತ್ತ ಕೊರೆತ ಶುರುವಾಗುತ್ತದೆ, ಸೇತುವೆಯ ಕಂಬದ ಬುಡದ ಹಾಗೆ.

ಇನ್ನು 'ತೋಡುವ' ಅಂತ ಕೇಳಿದಿರಿ. ಕೆಸರಿನಲ್ಲಿ ಕೆಲವು ತೋಡುವುದೇ ಇಲ್ಲ. ಕೆಲ್ಲಿ ಡಾರ್ಗನ್ ಎಂಬ ವಿಜ್ಞಾನಿ ಮತ್ತು ಜೊತೆಯವರು 2005ರಲ್ಲಿ ತೋರಿಸಿದ ಹಾಗೆ, ನೆರೀಸ್ ಎಂಬ ಸಮುದ್ರದ ಹುಳ ಗಂಟಲನ್ನು ಹೊರಚಾಚಿ ಬೆಣೆಯ ಹಾಗೆ ಒತ್ತಿ ಕೆಸರನ್ನು ಸೀಳಿಕೊಂಡು ಹೋಗುತ್ತದೆ. ಕೆಸರಿನೊಳಗೆ ಕಾಣುವುದಿಲ್ಲವಲ್ಲ, ಅದಕ್ಕೆ ಜೆಲಾಟಿನ್‌ನಲ್ಲಿ ಬಿಟ್ಟು ನೋಡಿದರು.

ಇದನ್ನೆಲ್ಲ ಓದಿದ ಮೇಲೆ, ಕರಾವಳಿಯ ಸ್ಯಾಂಪಲ್‌ನ ಎರಡು ತುಂಡು ಬೇರೆ ಬೇರೆ ಲೆಕ್ಕ ಕೊಟ್ಟರೆ ಮೊದಲು ಉದ್ದಕ್ಕೆ ಸೀಳಿ ಬಿಲ ಇದೆಯಾ ನೋಡುತ್ತೇನೆ. ಲ್ಯಾಬ್ ಹುಡುಗರಿಗೆ ಬೈಯುವುದು ಆಮೇಲೆ.