ಬೇರೆ ಬೇರೆ ಬ್ಯಾಂಡಿನ ನಾಲ್ವರು ಸೇರಿ ಮಾಡಿದ ಸೈಡ್ ಪ್ರಾಜೆಕ್ಟನ್ನು ಪರ್ಮನೆಂಟ್ ಮಾಡಿಕೊಳ್ಳೋದು ಹೇಗೆ?

ಮಾಡಿಕೊಳ್ಳಬೇಡಿ. ಇಂಥದ್ದೇ ಒಂದು ಬ್ಯಾಂಡಿನಲ್ಲಿ ಬೇಸ್ ನುಡಿಸಿದವನು ನಾನು, ಅದಕ್ಕೇ ನೇರವಾಗಿ ಹೇಳ್ತೀನಿ: ಯಾವಾಗ ಮುಗಿಸ್ತೀರಿ ಅನ್ನೋದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ನಾಲ್ವರಿಗೂ ಸ್ವಂತ ಬ್ಯಾಂಡ್ ಇದೆ, ಶೋ ಸೀಸನ್ ಬಂದ್ರೆ ಎಲ್ಲರೂ ಅಲ್ಲಿಗೇ ಹೋಗ್ತಾರೆ.

ಸಿಯಾಟಲ್‌ನ ಟೆಂಪಲ್ ಆಫ್ ದ ಡಾಗ್ ನೋಡಿ. 1990ರಲ್ಲಿ ಗಾಯಕ ಆಂಡ್ರ್ಯೂ ವುಡ್ ತೀರಿಕೊಂಡ ಮೇಲೆ ಸೌಂಡ್‌ಗಾರ್ಡನ್ ಬ್ಯಾಂಡಿನ ಗಾಯಕ ಕ್ರಿಸ್ ಕಾರ್ನೆಲ್ ಕಟ್ಟಿದ್ದು. 1991ರಲ್ಲಿ ಒಂದು ಆಲ್ಬಂ, ಅಷ್ಟೇ. ಆಗ ಹೆಚ್ಚೇನೂ ಮಾರಲಿಲ್ಲ, ಅದರಲ್ಲಿ ನುಡಿಸಿದವರ ಬ್ಯಾಂಡುಗಳಾದ ಪರ್ಲ್ ಜ್ಯಾಮ್, ಸೌಂಡ್‌ಗಾರ್ಡನ್ ಹೆಸರಾದ ಮೇಲೆ 1992ರಲ್ಲಿ ಜನ ಹುಡುಕಿಕೊಂಡು ಬಂದರು. ಸಿಯಾಟಲ್‌ನದ್ದೇ ಇನ್ನೊಂದು ಸೈಡ್ ಪ್ರಾಜೆಕ್ಟ್ ಮ್ಯಾಡ್ ಸೀಸನ್ ಕೂಡ 1995ರ ಒಂದೇ ಆಲ್ಬಮ್ಮಿಂದ ಉಳಿದಿದೆ. ಆದರೆ ಟೆಂಪಲ್‌ನ ಮಾಸ್ಟರ್ ಟೇಪುಗಳು, ಅಂದರೆ ಮೂಲ ರೆಕಾರ್ಡಿಂಗ್, ಸ್ಟುಡಿಯೋದವರ ಹತ್ತಿರವೇ ಉಳಿದು, ಇಪ್ಪತ್ತು ವರ್ಷ ದಾಟಿದ ಮೇಲೆ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಕೋರ್ಟಿಗೆ ಹೋಗಬೇಕಾಯ್ತು.

ಸೈಡ್ ಪ್ರಾಜೆಕ್ಟ್ ಮುಳುಗೋದು ಇಲ್ಲೇ. ಜಗಳ ಆಗಿ ಅಲ್ಲ, ಫೈಲ್ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲದೆ. ಬೆಂಗಳೂರಲ್ಲಿ ಡ್ರಮ್ಸ್ ಒಂದು ಸ್ಟುಡಿಯೋದಲ್ಲಿ, ಗಿಟಾರ್ ಜಯನಗರದ ಯಾರದ್ದೋ ರೂಮಲ್ಲಿ, ವೋಕಲ್ಸ್ ಇನ್ನೆಲ್ಲೋ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತೆ ಅನ್ನೋದು, ಒಬ್ಬರದ್ದು 44.1, ಇನ್ನೊಬ್ಬರದ್ದು 48 ಕಿಲೋಹರ್ಟ್ಸ್. ಕನ್ವರ್ಟ್ ಮಾಡದೆ 44.1ರ ಫೈಲನ್ನು 48ರ ಸೆಷನ್ನಿಗೆ ಎಳೆದರೆ ವೇಗ ಸುಮಾರು 9% ಏರುತ್ತೆ, ಪಿಚ್ ಒಂದೂವರೆ ಸೆಮಿಟೋನ್ ಹತ್ತಿರ ಮೇಲೆ. ಹಾಗಾಗಿ ಮೊದಲೇ ಒಪ್ಪಿಕೊಳ್ಳಿ: 48, 24 ಬಿಟ್, ವೇವ್ ಫೈಲ್. ಪ್ರತಿ ಟ್ರ್ಯಾಕೂ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ, ಮಧ್ಯದಲ್ಲಿ ಬರೋ ಟ್ಯಾಂಬುರಿನ್ ಕೂಡ. ಫೈಲ್ ಹೆಸರಲ್ಲೇ ಟೆಂಪೋ ಬರೆಯಿರಿ. ಗಿಟಾರಿನ ಎಫೆಕ್ಟ್ ಇರೋ ಟ್ರ್ಯಾಕ್ ಜೊತೆಗೆ ಡಿಐ ಟ್ರ್ಯಾಕನ್ನೂ (ಎಫೆಕ್ಟ್ ಇಲ್ಲದ, ಗಿಟಾರಿಂದ ನೇರ ಬಂದ ಸದ್ದು) ಇಡಿ. ಎಫೆಕ್ಟ್ ಕೊಟ್ಟ ಆಂಪ್ ಪ್ಲಗಿನ್ ಸಾಫ್ಟ್‌ವೇರ್ ನಾಳೆ ಇನ್ನೊಬ್ಬರ ಲ್ಯಾಪ್‌ಟಾಪಲ್ಲಿ ಇರಲ್ಲ. ಸ್ಟುಡಿಯೋ ಬಿಡುವ ಮೊದಲು ಎರಡು ಹಾರ್ಡ್ ಡಿಸ್ಕಿಗೆ ಕಾಪಿ, ಎರಡೂ ಬೇರೆ ಬೇರೆ ಮನೆಗೆ. ಕಳಿಸ್ತೀನಿ ಅಂತ ಲಿಂಕ್ ಕೊಟ್ಟರೆ ನಂಬಬೇಡಿ, ಎಕ್ಸ್‌ಪೈರ್ ಆಗುತ್ತೆ.

ಹಾಡು ಕಟ್ಟಿದ ದಿನವೇ ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಮೂರಕ್ಕೂ ಪಾಲು ಎಷ್ಟೆಷ್ಟು ಅಂತ ಬರೆದು ಸಹಿ ಹಾಕಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಇವು ಬೇರೆ ಬೇರೆ ಹಕ್ಕು. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹಾಕದಿದ್ದರೆ ಐದೇ ವರ್ಷ, ಪ್ರದೇಶ ಹಾಕದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಹಾಡಿನ ರಾಯಲ್ಟಿ ಸಂಗ್ರಹಿಸಿ ಹಂಚೋ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಬರೆದವರು, ಸ್ವರ ಹಾಕಿದವರು ತಾವೇ ಸದಸ್ಯರಾಗಬೇಕು. ಯಾರಾದರೂ ತಮ್ಮ ಬ್ಯಾಂಡಿನ ಲೇಬಲ್ಲಿಗೆ ಎಕ್ಸ್‌ಕ್ಲೂಸಿವ್ ಸಹಿ ಹಾಕಿದ್ದರೆ ಆ ಕಾಗದ ಮೊದಲು ಓದಿ.

ಹಾಡನ್ನು ಸ್ಟ್ರೀಮಿಂಗ್ ಆ್ಯಪುಗಳಿಗೆ ತಲುಪಿಸೋಕೆ ವರ್ಷಕ್ಕಿಷ್ಟು ಅಂತ ಫೀಸಿರೋ ಡಿಸ್ಟ್ರಿಬ್ಯೂಟರ್ ಬೇಡ. ಬ್ಯಾಂಡ್ ನಿಂತ ಮೇಲೆ ಅದನ್ನು ಯಾರು ಕಟ್ತಾರೆ? ಕಟ್ಟದಿದ್ದರೆ ಹಾಡು ಸ್ಟ್ರೀಮಿಂಗಿಂದ ಮಾಯ ಆಗಬಹುದು. ಒಂದೇ ಸಲ ಕಟ್ಟೋ, ಇಲ್ಲಾ ಕಮಿಷನ್ ಹಿಡಿಯೋ ಕಡೆ ಹಾಕಿ.

ಶೋ ಒಂದೋ ಎರಡೋ ಸಾಕು. ನಲವತ್ತು ನಿಮಿಷಕ್ಕೆ ಎಂಟೊಂಬತ್ತು ಹಾಡು ಬೇಕು, ಐದೇ ಇದ್ದರೆ ಕವರ್, ಅಂದರೆ ಬೇರೆಯವರ ಹಾಡು, ನುಡಿಸಿ, ಆದರೆ ನಿಮ್ಮ ಸ್ವಂತ ಬ್ಯಾಂಡಿನ ಹಿಟ್ ಬೇಡವೇ ಬೇಡ, ಆಮೇಲೆ ಜನ ಅದನ್ನೇ ಕೇಳ್ತಾರೆ. ಹೊರಗಿನ ಜಾಗವಾದರೆ ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್, ಸೌಂಡ್‌ಚೆಕ್ ಸಂಜೆ ಐದಕ್ಕೇ ಮುಗಿಸಿ. ಪೋಸ್ಟರಲ್ಲಿ ನಿಮ್ಮ ಸ್ವಂತ ಬ್ಯಾಂಡಿನ ಹೆಸರು ದೊಡ್ಡದಾಗಿ ಹಾಕ್ತೀವಿ ಅಂತ ಆಯೋಜಕರು ಹಟ ಹಿಡಿದೇ ಹಿಡೀತಾರೆ, ಒಪ್ಪುವ ಮೊದಲು ಆ ಬ್ಯಾಂಡಿನ ಉಳಿದವರಿಗೆ ಒಂದು ಫೋನ್ ಮಾಡಿ.