ಧಾರವಾಡದ ಹಿತ್ತಲಲ್ಲಿ ಸೈಡರ್‌ಗೆ (ಸೇಬಿನ ರಸ ಹುದುಗಿಸಿ ಮಾಡುವ ಮದ್ಯ) ಬೇಕಾದ ಒಗರು-ಸಿಹಿ ಸೇಬು ಬೆಳೆಯಬಹುದೇ?

ಗಿಡವೇನೋ ಚಿಗುರುತ್ತದೆ, ಹಣ್ಣಿನ ಆಸೆ ಬಿಡ್ರಿ. ಡ್ಯಾಬಿನೆಟ್, ಯಾರ್ಲಿಂಗ್ಟನ್ ಮಿಲ್‌ನಂಥ ಇಂಗ್ಲೆಂಡಿನ ಸಾಮರ್ಸೆಟ್ ತಳಿಗಳಿಗೆ ಸರಿಯಾಗಿ ಹೂ ಬಿಡಲು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ತಾಸು ಬೇಕು. ನಮ್ಮ ಧಾರವಾಡದ ಚಳಿ ಸ್ವೆಟರ್ ಹಾಕಿಸುತ್ತದೆ, ಅಷ್ಟೇ.

ಆ ತಳಿಗಳ ಹೆಚ್ಚುಗಾರಿಕೆಯೇ ಒಗರು: ರಸದಲ್ಲಿ ಒಗರು ತರುವ ಟ್ಯಾನಿನ್ ಶೇ. 0.2ಕ್ಕಿಂತ ಹೆಚ್ಚು, ಹುಳಿ ಶೇ. 0.45ಕ್ಕಿಂತ ಕಡಿಮೆ. ಹಾಗೇ ಕಚ್ಚಿದರೆ ಬಾಳೆಕಾಯಿ ತಿಂದಂತೆ ನಾಲಿಗೆ ಹಿಡಿದುಕೊಳ್ಳುತ್ತದೆ. ಹುದುಗಿದ ಮೇಲೆ ಅದೇ ಒಗರು ಸೈಡರ್‌ಗೆ ಬಾಯಿತುಂಬ ರುಚಿ ಕೊಡುತ್ತದೆ.

ಸೇಬು ಬೇಕೇಬೇಕು ಅಂದರೆ ಕಡಿಮೆ ಚಳಿ ಸಾಕಾಗುವ ಅನ್ನಾ, ಡಾರ್ಸೆಟ್ ಗೋಲ್ಡನ್ ಎರಡನ್ನೂ ಹಚ್ಚಿರಿ, ಪರಾಗಕ್ಕೆ ಜೋಡಿ ಬೇಕು. ಎರೆಮಣ್ಣು ಬೇಡ, ನೀರು ಬಸಿಯುವ ಕೆಂಪು ಮಸಾರಿ ಒಳ್ಳೆಯದು. ಈ ಎರಡು ತಳಿಗಳಲ್ಲಿ ಒಗರು ಕಮ್ಮಿ. ಅದನ್ನು ತುಂಬಲು ರಸಕ್ಕೆ ಕಡಕ್ ಚಹಾದ ಡಿಕಾಕ್ಷನ್ ಸ್ವಲ್ಪ ಬೆರೆಸುವುದು ಸೈಡರ್ ಮಾಡುವವರ ಹಳೇ ಉಪಾಯ. ಹುದುಗಿಸುವ ಮುಂಚೆ ಅಬಕಾರಿ ನಿಯಮ ವಿಚಾರಿಸಿಕೊಳ್ಳಿ.